54 ಪುರಸಭೆಗಳು, 541 ದಿನಗಳು: ಬೆಲ್ಜಿಯಂನಲ್ಲಿ ಸರ್ಕಾರ ರಚನೆ ನಿಂತುಹೋದ ಒಂದು ಪ್ರಕರಣ

ಬ್ರಸೆಲ್ಸ್ ನಗರದ ದಕ್ಷಿಣದ ಅಂಚಿಗೆ ಒತ್ತಿಕೊಂಡು ಲಿಂಕೆಬೇಕ್ ಎಂಬ ಊರಿದೆ. ಜನಸಂಖ್ಯೆ ಐದು ಸಾವಿರಕ್ಕೂ ಕಡಿಮೆ. ಇಲ್ಲಿನ ಬಹುಪಾಲು ನಿವಾಸಿಗಳ ಮನೆಮಾತು ಫ್ರೆಂಚ್; ಊರಿರುವುದು ಮಾತ್ರ ಡಚ್ ಆಡಳಿತ ಭಾಷೆಯಾಗಿರುವ ಫ್ಲಾಂಡರ್ಸ್‌ನ ಗಡಿಯೊಳಗೆ. ಹೀಗಾಗಿ ಪುರಸಭೆಯ ಸಭೆ ನಡೆಯಬೇಕಾದದ್ದು ಡಚ್‌ನಲ್ಲಿ, ಕಡತ ಬರೆಯಬೇಕಾದದ್ದೂ ಡಚ್‌ನಲ್ಲಿ. ಫ್ರೆಂಚ್ ಮಾತನಾಡುವ ನಿವಾಸಿ ತನಗೆ ಬರುವ ಕಾಗದಪತ್ರಗಳನ್ನು ಫ್ರೆಂಚ್‌ನಲ್ಲಿ ಪಡೆಯಬಹುದು, ಆದರೆ 1997ರಲ್ಲಿ ಫ್ಲೆಮಿಷ್ ಸರ್ಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ಪ್ರತಿ ಸಲವೂ ಹೊಸದಾಗಿ ಕೇಳಿಕೊಳ್ಳಬೇಕು. ಬೆಲ್ಜಿಯಂನಲ್ಲಿ ಆಗ ಎಲ್ಲ ಚುನಾವಣೆಗಳಲ್ಲೂ ಮತದಾನ ಕಡ್ಡಾಯವಾಗಿದ್ದರಿಂದ (ಫ್ಲಾಂಡರ್ಸ್‌ನ ಸ್ಥಳೀಯ ಚುನಾವಣೆಗಳಲ್ಲಿ 2024ರಿಂದ ಹಾಗಿಲ್ಲ) ಚುನಾವಣೆಗೆ ಮುನ್ನ ಪ್ರತಿಯೊಬ್ಬ ಮತದಾರನಿಗೂ ಅಂಚೆಯಲ್ಲಿ ಕರೆಪತ್ರ ಬರುತ್ತಿತ್ತು. 2006ರ ಸ್ಥಳೀಯ ಚುನಾವಣೆಯಲ್ಲಿ ಲಿಂಕೆಬೇಕ್ ಮತ್ತು ಅದರಂಥ ಇನ್ನೆರಡು ಊರುಗಳು, ಕ್ರಾಯ್ನೆಮ್ ಮತ್ತು ವೆಜೆಂಬೇಕ್-ಓಪ್ಪೆಮ್, ಫ್ರೆಂಚ್ ಭಾಷಿಕರಿಗೆ ಆ ಪತ್ರವನ್ನು ಅವರು ಕೇಳುವ ಮೊದಲೇ ಫ್ರೆಂಚ್‌ನಲ್ಲಿ ಕಳುಹಿಸಿದವು. ಮತದಾರರು ಆರಿಸಿದ ಮೂವರು ಮೇಯರ್‌ಗಳಿಗೂ ಫ್ಲೆಮಿಷ್ ಸರ್ಕಾರ ನೇಮಕಾತಿಯನ್ನು ನಿರಾಕರಿಸಿತು.

ಹೊರಗಿನವರಿಗೆ ಇದು ಗುಮಾಸ್ತರ ಮಟ್ಟದ ತಕರಾರಾಗಿ ಕಾಣುವುದು ಸಹಜ. ಆದರೆ 2010ರಲ್ಲಿ ಬೆಲ್ಜಿಯಂನ ಕೇಂದ್ರ ಸರ್ಕಾರವನ್ನು ಉರುಳಿಸಿದ್ದೂ, ಚುನಾವಣೆಯಾಗಿ 541 ದಿನ ಕಳೆದರೂ ಹೊಸ ಸರ್ಕಾರ ಬರದಂತೆ ತಡೆದದ್ದೂ ಇದೇ ನೆಲದ, ಇದೇ ಬಗೆಯ ತಕರಾರು. ಆ ಕಾಲದ ಬಗ್ಗೆ ಬಂದ ಬರಹಗಳು ಬಹುಮಟ್ಟಿಗೆ ದಿನಗಳ ಎಣಿಕೆಯಲ್ಲಿ, ದಾಖಲೆಯ ವಿನೋದದಲ್ಲಿ ಮುಗಿದುಹೋಗುತ್ತವೆ. ಅದು ಸಂವಿಧಾನ ಕೆಟ್ಟು ನಿಂತ ಕಾಲವಲ್ಲ, ಸಂವಿಧಾನ ತನ್ನನ್ನು ಹೇಗೆ ಬರೆದಿದ್ದರೋ ಹಾಗೆಯೇ ನಡೆದ ಕಾಲ ಎಂಬುದು ನನ್ನ ಓದು. ಅದನ್ನು ತೋರಿಸುವುದಕ್ಕಾಗಿ ಈ ಪ್ರಕರಣವನ್ನು ಬುಡದಿಂದ ನೋಡುತ್ತಿದ್ದೇನೆ.

ರಾಜ್ಯದ ಕಟ್ಟು

1830ರ ಆಗಸ್ಟ್ 25ರ ರಾತ್ರಿ ಬ್ರಸೆಲ್ಸ್‌ನ ಮೊನೆ ರಂಗಮಂದಿರದಲ್ಲಿ ಒಂದು ಆಪೆರಾ ಪ್ರದರ್ಶನದ ಬೆನ್ನಿಗೇ ಎದ್ದ ಗಲಭೆ ಡಚ್ ಅರಸ ಒಂದನೇ ವಿಲಿಯಮ್‌ನ ವಿರುದ್ಧ ದಂಗೆಯಾಗಿ ಬೆಳೆಯಿತು. ಅಕ್ಟೋಬರ್ 4ರಂದು ತಾತ್ಕಾಲಿಕ ಸರ್ಕಾರ ಸ್ವಾತಂತ್ರ್ಯ ಘೋಷಿಸಿತು. 1831ರ ಫೆಬ್ರವರಿ 7ರಂದು ಸಂವಿಧಾನ ಸಿದ್ಧವಾಯಿತು. ಸಂವಿಧಾನ ಮೊದಲು ಬಂದು ಅರಸ ಆಮೇಲೆ ಬಂದ ಈ ಕ್ರಮವನ್ನು ಮರೆಯಬಾರದು. ಫ್ರಾನ್ಸ್ ದೊರೆಯ ಮಗನನ್ನು ಕರೆಯುವ ಪ್ರಯತ್ನ ಫಲಿಸದೆ, ಸ್ಯಾಕ್ಸ್-ಕೋಬರ್ಗ್ ಮನೆತನದ ಲಿಯೊಪೋಲ್ಡ್ ಜುಲೈ 21ರಂದು ಆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಗಾದಿಗೆ ಬಂದ. ಅಂದಿನಿಂದ ಇಂದಿನವರೆಗೆ ಅರಸನ ಬಿರುದು 'ಬೆಲ್ಜಿಯನ್ನರ ಅರಸ' ಎಂದೇ ಹೊರತು 'ಬೆಲ್ಜಿಯಂನ ಅರಸ' ಎಂದಲ್ಲ. ತಂದೆ ತೀರಿಕೊಂಡ ಕೂಡಲೇ ಮಗ ತಾನಾಗಿ ದೊರೆಯಾಗುವುದಿಲ್ಲ. ಸಂಸತ್ತಿನ ಮುಂದೆ ಪ್ರಮಾಣ ಮಾಡುವವರೆಗೆ ಗಾದಿ ಖಾಲಿ. ಆತನ ಯಾವ ಆಜ್ಞೆಯೂ ಮಂತ್ರಿಯೊಬ್ಬನ ಸಹಿಯಿಲ್ಲದೆ ನಡೆಯುವುದಿಲ್ಲ. 1990ರಲ್ಲಿ ಗರ್ಭಪಾತ ಕಾನೂನಿಗೆ ಸಹಿ ಹಾಕಲು ಬೌದುವಿನ್ ದೊರೆಯ ಮನಸ್ಸಾಕ್ಷಿ ಒಪ್ಪದಿದ್ದಾಗ, ಮಂತ್ರಿಮಂಡಲ ಏಪ್ರಿಲ್ 4ರಂದು ಅವರನ್ನು 'ಆಳಲು ಅಶಕ್ತ' ಎಂದು ಘೋಷಿಸಿ, ತಾನೇ ಕಾನೂನನ್ನು ಜಾರಿಗೆ ತಂದು, ಮರುದಿನ ಸಂಸತ್ತಿನ ಮೂಲಕ ಅವರನ್ನು ಮತ್ತೆ ಅಧಿಕಾರಕ್ಕೆ ತಂದಿತು.

ಹುಟ್ಟಿದಾಗ ಬೆಲ್ಜಿಯಂ ಒಕ್ಕೂಟವಾಗಿರಲಿಲ್ಲ. ಉತ್ತರದ ಫ್ಲಾಂಡರ್ಸ್‌ನ ಜನ ಡಚ್ ನುಡಿಗಳನ್ನೂ ದಕ್ಷಿಣದ ವಲೋನಿಯಾದವರು ಫ್ರೆಂಚ್ ಮತ್ತು ವಲ್ಲೂನ್ ನುಡಿಗಳನ್ನೂ ಆಡುತ್ತಿದ್ದರೂ, ಆಳುವವರ, ನ್ಯಾಯಾಲಯದ, ಸೇನಾಧಿಕಾರಿಗಳ ಭಾಷೆ ಒಂದೇ: ಫ್ರೆಂಚ್. ಡಚ್‌ನಲ್ಲಿ ಪ್ರಕಟವಾದ ಕಾನೂನಿಗೂ ಫ್ರೆಂಚ್‌ನಷ್ಟೇ ಬೆಲೆ ಎಂದು ಒಪ್ಪಲು 1898 ಬರಬೇಕಾಯಿತು. ಗೆಂಟ್ ವಿಶ್ವವಿದ್ಯಾಲಯ ಪೂರ್ತಿ ಡಚ್‌ಗೆ ತಿರುಗಿದ್ದು 1930ರಲ್ಲಿ. ಸಂವಿಧಾನದ ಡಚ್ ಪಾಠಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1967ರಲ್ಲಿ! ದೇಶದ ಜನಸಂಖ್ಯೆಯಲ್ಲಿ ಹೆಚ್ಚಿನ ಪಾಲು ಯಾರ ಭಾಷೆಯೋ ಅವರು ತಮ್ಮ ಸಂವಿಧಾನವನ್ನು ತಮ್ಮ ಭಾಷೆಯಲ್ಲಿ ಅಧಿಕೃತವಾಗಿ ಓದಲು 136 ವರ್ಷ ಕಾದರು ಎಂಬುದನ್ನು ಬಿಟ್ಟು ಫ್ಲೆಮಿಷ್ ರಾಜಕಾರಣದ ಹಟವನ್ನು ಅರ್ಥ ಮಾಡಿಕೊಳ್ಳಲಾಗದು.

1962–63ರ ಕಾನೂನುಗಳು ದೇಶದ ಉದ್ದಕ್ಕೂ ಒಂದು ಭಾಷಾ ಗಡಿಯನ್ನು ಎಳೆದವು. ಅದಕ್ಕೆ ಮುಂಚೆ ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ ಭಾಷೆಯನ್ನೂ ಎಣಿಸಿ, ಅದರ ಮೇಲೆ ಪುರಸಭೆಯ ಆಡಳಿತ ಭಾಷೆಯನ್ನು ನಿರ್ಧರಿಸುವ ಪದ್ಧತಿಯಿತ್ತು. ಬ್ರಸೆಲ್ಸ್ ಬೆಳೆದಂತೆಲ್ಲ ಸುತ್ತಲಿನ ಹಳ್ಳಿಗಳು ಒಂದೊಂದಾಗಿ ಫ್ರೆಂಚ್‌ಗೆ ತಿರುಗುತ್ತಿದ್ದವು. ಫ್ಲೆಮಿಷರು ಇದನ್ನು 'ಎಣ್ಣೆಯ ಕಲೆ' ಎನ್ನುತ್ತಿದ್ದರು, ಹರಡುತ್ತಲೇ ಹೋಗುವುದರಿಂದ. 1947ರ ಗಣತಿಯ ಫಲವಾಗಿ 1954ರಲ್ಲಿ ಇನ್ನೂ ಮೂರು ಪುರಸಭೆಗಳು ಬ್ರಸೆಲ್ಸ್‌ಗೆ ಸೇರಿದವು. ಅದೇ ಕೊನೆ. 1961ರಲ್ಲಿ ಭಾಷಾ ಗಣತಿಯನ್ನೇ ಕಾನೂನಿನಿಂದ ನಿಲ್ಲಿಸಲಾಯಿತು. ಯಾವ ಊರಿನಲ್ಲಿ ಯಾವ ಭಾಷೆಯವರು ಎಷ್ಟಿದ್ದಾರೆ ಎಂಬುದಕ್ಕೆ ಅಂದಿನಿಂದ ಅಧಿಕೃತ ಲೆಕ್ಕವಿಲ್ಲ. ಜನರನ್ನು ಎಣಿಸುವುದನ್ನು ಬಿಟ್ಟು ನೆಲಕ್ಕೆ ಭಾಷೆಯನ್ನು ಗೊತ್ತು ಮಾಡಿದರು. ಬ್ರಸೆಲ್ಸ್‌ನ 19 ಪುರಸಭೆಗಳು ದ್ವಿಭಾಷಾ ಪ್ರದೇಶವಾದವು. ಅವುಗಳಿಗೆ ಹತ್ತಿಕೊಂಡ, ಫ್ಲಾಂಡರ್ಸ್‌ಗೆ ಸೇರಿದ ಆರು ಪುರಸಭೆಗಳಲ್ಲಿ ಫ್ರೆಂಚ್ ಭಾಷಿಕರಿಗೆ 'ಸೌಲಭ್ಯ' ಎಂಬ ಹೆಸರಿನ ರಿಯಾಯಿತಿ ಸಿಕ್ಕಿತು. ಲಿಂಕೆಬೇಕ್ ಆ ಆರರಲ್ಲೊಂದು. ಈ ರಿಯಾಯಿತಿ ವಲಸೆ ಬಂದವರು ಡಚ್ ಕಲಿಯುವವರೆಗಿನ ಏರ್ಪಾಡು ಎಂದು ಫ್ಲೆಮಿಷರು ತಿಳಿದರು. ಶಾಶ್ವತ ಹಕ್ಕು ಎಂದು ಫ್ರೆಂಚ್ ಭಾಷಿಕರು ತಿಳಿದರು. ಒಂದೇ ಕಾನೂನನ್ನು ಎರಡು ಪಕ್ಷಗಳೂ ಪೂರ್ಣ ನಂಬಿಕೆಯಿಂದ ಎರಡು ಬಗೆಯಲ್ಲಿ ಓದಿದವು.

1968ರಲ್ಲಿ ಲುವೆನ್‌ನ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದಿಂದ ಫ್ರೆಂಚ್ ವಿಭಾಗ ಹೊರಹೋಗಬೇಕೆಂಬ ಚಳವಳಿ ಸರ್ಕಾರವನ್ನೇ ಬೀಳಿಸಿತು. ಫ್ರೆಂಚ್ ವಿಭಾಗಕ್ಕೆ ವಲೋನಿಯಾದಲ್ಲಿ ಹೊಸ ಊರನ್ನೇ ಕಟ್ಟಿದರು, ಗ್ರಂಥಾಲಯವನ್ನು ಎರಡು ಪಾಲು ಮಾಡಿದರು. ಆ ಒಡಕು ವಿಶ್ವವಿದ್ಯಾಲಯಕ್ಕೆ ನಿಲ್ಲಲಿಲ್ಲ. ಕ್ರಿಶ್ಚಿಯನ್ ಡೆಮಾಕ್ರಟರು ಅದೇ ಸುಮಾರಿಗೆ ಎರಡಾದರು. ಲಿಬರಲ್‌ಗಳು ಎಪ್ಪತ್ತರ ದಶಕದ ಆರಂಭದಲ್ಲಿ, ಸಮಾಜವಾದಿಗಳು 1978ರಲ್ಲಿ ಅದೇ ದಾರಿ ಹಿಡಿದರು. ಫಲವಾಗಿ ಆಂಟ್‌ವೆರ್ಪ್‌ನ ಮತದಾರ ವಲೋನಿಯಾದ ಸಮಾಜವಾದಿಗಳಿಗೆ ಮತ ಹಾಕಲಾರ, ಲಿಯೇಜ್‌ನ ಮತದಾರ ಫ್ಲೆಮಿಷ್ ರಾಷ್ಟ್ರೀಯವಾದಿಗಳನ್ನು ಸೋಲಿಸಲಾರ. ಮಂತ್ರಿಮಂಡಲದಲ್ಲಿ ಎರಡೂ ಕಡೆಯ ಪಕ್ಷಗಳು ಒಟ್ಟಿಗೆ ಕೂರಬೇಕು. ಆದರೆ ಚುನಾವಣೆಯಲ್ಲಿ ಇನ್ನೊಂದು ಕಡೆಯ ಮತದಾರನಿಗೆ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲ. ಬೆಲ್ಜಿಯಂ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಉಳಿದ ಸಂಕೀರ್ಣತೆಯನ್ನೆಲ್ಲ ಜನ ಹೇಗೋ ಸಂಭಾಳಿಸಿಕೊಂಡಾರು.

1970ರಿಂದ ಆರಂಭವಾದ ಸರಣಿ ತಿದ್ದುಪಡಿಗಳು 1993ರಲ್ಲಿ ಸಂವಿಧಾನದ ಮೊದಲ ವಿಧಿಯನ್ನೇ ಬದಲಿಸಿ, ಬೆಲ್ಜಿಯಂ ಸಮುದಾಯಗಳು ಮತ್ತು ಪ್ರದೇಶಗಳಿಂದಾದ ಒಕ್ಕೂಟ ರಾಜ್ಯವೆಂದು ಸಾರಿದವು. ಫ್ಲೆಮಿಷ್, ಫ್ರೆಂಚ್, ಜರ್ಮನ್ ಎಂಬ ಮೂರು ಸಮುದಾಯಗಳಿಗೆ ಶಿಕ್ಷಣ ಮತ್ತು ಸಂಸ್ಕೃತಿ. ಫ್ಲಾಂಡರ್ಸ್, ವಲೋನಿಯಾ, ಬ್ರಸೆಲ್ಸ್ ಎಂಬ ಮೂರು ಪ್ರದೇಶಗಳಿಗೆ ಆರ್ಥಿಕತೆ, ರಸ್ತೆ, ಪರಿಸರ, ವಸತಿ. ಇದರ ಜೊತೆಗೆ ಪರಸ್ಪರ ಅಪನಂಬಿಕೆಗೆಂದೇ ಹೆಣೆದ ಬೀಗಗಳು. ಪ್ರಧಾನಿಯನ್ನು ಬಿಟ್ಟು ಮಂತ್ರಿಮಂಡಲದಲ್ಲಿ ಡಚ್ ಮತ್ತು ಫ್ರೆಂಚ್ ಭಾಷಿಕರು ಸಮಸಂಖ್ಯೆಯಲ್ಲಿರಬೇಕು, ಒಟ್ಟು 15ಕ್ಕಿಂತ ಹೆಚ್ಚು ಮಂತ್ರಿಗಳಿರಬಾರದು. ಗಡಿ, ಅಧಿಕಾರ ಹಂಚಿಕೆ ಮುಂತಾದ ವಿಷಯಗಳ ವಿಶೇಷ ಕಾನೂನಿಗೆ ಒಟ್ಟು ಮೂರನೇ ಎರಡು ಮತಗಳಲ್ಲದೆ ಸಂಸತ್ತಿನ ಡಚ್, ಫ್ರೆಂಚ್ ಎಂಬ ಎರಡೂ ಭಾಷಾ ಗುಂಪುಗಳಲ್ಲಿ ಪ್ರತ್ಯೇಕ ಬಹುಮತ ಬೇಕು. ಒಂದು ಭಾಷಾ ಗುಂಪಿನ ಮುಕ್ಕಾಲು ಸದಸ್ಯರು ಸಹಿ ಹಾಕಿದರೆ ಮಸೂದೆಯೊಂದನ್ನು ತಡೆದು ಮಂತ್ರಿಮಂಡಲಕ್ಕೆ ಒಪ್ಪಿಸಬಹುದು; ಇದಕ್ಕೆ 'ಎಚ್ಚರಿಕೆಯ ಗಂಟೆ' ಎಂದು ಹೆಸರು. ಸಂಖ್ಯೆಯಲ್ಲಿ ಹೆಚ್ಚಿರುವವರು ಕಡಿಮೆ ಇರುವವರನ್ನು ಮತದಿಂದ ತುಳಿಯಬಾರದು ಎಂಬುದು ಇಡೀ ಕಟ್ಟಡದ ಪಾಯ.

ಉಳಿದುಹೋದ ಒಂದು ಕ್ಷೇತ್ರ

ಇಷ್ಟೆಲ್ಲ ಹಂಚಿಕೆಯಾದ ಮೇಲೂ ಬ್ರಸೆಲ್ಸ್-ಹಾಲೆ-ವಿಲ್ವೋರ್ಡೆ ಎಂಬ ಒಂದು ಚುನಾವಣಾ ಕ್ಷೇತ್ರ ಹಳೆಯ ಏಕೀಕೃತ ಬೆಲ್ಜಿಯಂನ ತುಣುಕಿನಂತೆ ಉಳಿದುಕೊಂಡಿತ್ತು. ಬ್ರಸೆಲ್ಸ್‌ನ 19 ದ್ವಿಭಾಷಾ ಪುರಸಭೆಗಳ ಜೊತೆಗೆ ಫ್ಲೆಮಿಷ್ ಬ್ರಬಾಂಟ್ ಪ್ರಾಂತ್ಯದ 35 ಪುರಸಭೆಗಳು, ಒಟ್ಟು 54, ಒಂದೇ ಕ್ಷೇತ್ರದಲ್ಲಿದ್ದವು. ಹೀಗಾಗಿ ಫ್ಲಾಂಡರ್ಸ್ ನೆಲದ ಮೇಲೆ ವಾಸಿಸುವ ಫ್ರೆಂಚ್ ಭಾಷಿಕ ಬ್ರಸೆಲ್ಸ್‌ನ ಫ್ರೆಂಚ್ ಪಕ್ಷಗಳಿಗೆ ಮತ ಹಾಕಬಹುದಿತ್ತು. ಬ್ರಸೆಲ್ಸ್‌ನೊಳಗಿನ ಡಚ್ ಭಾಷಿಕನ ಮತ ಹೊರಗಿನ 35 ಊರುಗಳ ಡಚ್ ಮತಗಳ ಜೊತೆ ಕೂಡಿ ಬೆಲೆ ಪಡೆಯುತ್ತಿತ್ತು. ನ್ಯಾಯಾಲಯದ ವ್ಯಾಪ್ತಿಯೂ ಇದೇ.

2002ರಲ್ಲಿ ಸಂಸತ್ತಿನ ಕೆಳಮನೆಯ ಕ್ಷೇತ್ರಗಳನ್ನು ಪ್ರಾಂತ್ಯಗಳ ಗಡಿಗೆ ಹೊಂದಿಸಲಾಯಿತು. ಈ ಒಂದು ಕ್ಷೇತ್ರವನ್ನು ಮಾತ್ರ ಮುಟ್ಟಲಿಲ್ಲ. ಒಂದೇ ಪ್ರಾಂತ್ಯದ ಅಭ್ಯರ್ಥಿಗಳಲ್ಲಿ ಕೆಲವರಿಗೆ ಒಂದು ನಿಯಮ, ಕೆಲವರಿಗೆ ಇನ್ನೊಂದು ಎಂಬಂತಾದದ್ದು ಸಮಾನತೆಗೆ ವಿರುದ್ಧವೆಂದು ಸಾಂವಿಧಾನಿಕ ನ್ಯಾಯಾಲಯ 2003ರ ಮೇ 26ರಂದು ತೀರ್ಪಿತ್ತು, ಸರಿಪಡಿಸಲು ಸಂಸತ್ತಿಗೆ ನಾಲ್ಕು ವರ್ಷಗಳ ಗಡುವು ಕೊಟ್ಟಿತು. ಕ್ಷೇತ್ರವನ್ನು ಒಡೆಯಲೇಬೇಕು ಎಂದೇನೂ ನ್ಯಾಯಾಲಯ ಹೇಳಿರಲಿಲ್ಲ. ಫ್ಲೆಮಿಷ್ ಪಕ್ಷಗಳು ತೀರ್ಪನ್ನು ಒಡೆಯುವ ಆಜ್ಞೆಯಂತೆ ಎತ್ತಿ ಹಿಡಿದವು. ಫ್ರೆಂಚ್ ಪಕ್ಷಗಳಾದರೋ, ಒಡೆದರೆ ಈಗಿನ ಆಡಳಿತ ಗಡಿ ಮುಂದೊಂದು ದಿನ ದೇಶಗಳ ನಡುವಿನ ಗಡಿಯಾದೀತು, ಬ್ರಸೆಲ್ಸ್ ಫ್ಲಾಂಡರ್ಸ್‌ನ ನಡುವೆ ದ್ವೀಪವಾದೀತು ಎಂದು ಅಂಜಿದವು.

ಗಡುವು ಮುಗಿದರೂ ಪರಿಹಾರ ಬರಲಿಲ್ಲ. 2007ರ ನವೆಂಬರ್ 7ರಂದು ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯಲ್ಲಿ ಫ್ಲೆಮಿಷ್ ಸದಸ್ಯರು ಕ್ಷೇತ್ರ ವಿಭಜನೆಯ ಮಸೂದೆಯನ್ನು ಫ್ರೆಂಚ್ ಸದಸ್ಯರ ವಿರೋಧವನ್ನು ಲೆಕ್ಕಿಸದೆ ಅಂಗೀಕರಿಸಿದರು. ಫ್ರೆಂಚ್ ಸದಸ್ಯರು ಹೊರನಡೆದರು. ಅಲ್ಲಿಂದ ಮುಂದೆ ಬೀಗಗಳ ಕೆಲಸ. ಒಕ್ಕೂಟದ ಯಾವುದೇ ಘಟಕದ ಶಾಸನಸಭೆ ಮಸೂದೆಯೊಂದರಿಂದ ತನ್ನ ಹಿತಕ್ಕೆ ಧಕ್ಕೆಯೆಂದು ನಾಲ್ಕನೇ ಮೂರು ಬಹುಮತದಿಂದ ಹೇಳಿದರೆ 60 ದಿನಗಳ ಮಾತುಕತೆಗಾಗಿ ಅದು ನಿಲ್ಲಬೇಕು. ಫ್ರೆಂಚ್ ಸಮುದಾಯದ ಶಾಸನಸಭೆ ಈ ದೂರನ್ನು ಎತ್ತಿತು, ಅದು ಮುಗಿಯುತ್ತಲೇ ಬ್ರಸೆಲ್ಸ್‌ನ ಫ್ರೆಂಚ್ ಸಭೆ, ಆಮೇಲೆ ವಲೋನಿಯಾ, ಕೊನೆಗೆ ಆಗ ಸುಮಾರು 75,000 ಜನರಿದ್ದ, ಈ ಜಗಳದಿಂದ ಬಹುದೂರ ಜರ್ಮನಿಯ ಗಡಿಯಲ್ಲಿ ಕೂತಿರುವ ಜರ್ಮನ್ ಸಮುದಾಯ. ಹೀಗೆ ಎರಡೂವರೆ ವರ್ಷ ಕಳೆಯಿತು. ಮಾಜಿ ಪ್ರಧಾನಿ ಜಾನ್-ಲುಕ್ ಡೆಹಾನೆ ಅವರಿಗೆ ಕೊನೆಯ ಯತ್ನವನ್ನು ವಹಿಸಲಾಯಿತು. ಅವರ ಕರಡೂ ಒಪ್ಪಿಗೆಯಾಗದಿದ್ದಾಗ ಫ್ಲೆಮಿಷ್ ಲಿಬರಲ್ ಪಕ್ಷದ ಯುವ ಅಧ್ಯಕ್ಷ ಅಲೆಕ್ಸಾಂಡರ್ ಡೆ ಕ್ರೋ 2010ರ ಏಪ್ರಿಲ್ 22ರಂದು ಬೆಂಬಲ ಹಿಂತೆಗೆದುಕೊಂಡರು. ಈವ್ ಲೆಟೆರ್ಮ್ ನೇತೃತ್ವದ ಸರ್ಕಾರ ಬಿತ್ತು. ನ್ಯಾಯಾಲಯ ತಪ್ಪೆಂದು ಹೇಳಿದ್ದ ಅದೇ ಕ್ಷೇತ್ರವನ್ನು ಇಟ್ಟುಕೊಂಡೇ ದೇಶ ಮತ್ತೆ ಚುನಾವಣೆಗೆ ಹೋಯಿತು.

ಅರಮನೆಯ ಬಾಗಿಲಲ್ಲಿ

2010ರ ಜೂನ್ 13ರ ಫಲಿತಾಂಶ ಎರಡು ದೇಶಗಳ ಫಲಿತಾಂಶದಂತಿತ್ತು. 150 ಸ್ಥಾನಗಳ ಕೆಳಮನೆಯಲ್ಲಿ, ಫ್ಲಾಂಡರ್ಸ್ ಕ್ರಮೇಣ ಸ್ವತಂತ್ರವಾಗಬೇಕೆನ್ನುವ ಬಾರ್ಟ್ ಡೆ ವೇವರ್ ಅವರ ಎನ್-ವಿಎ ಪಕ್ಷ 27 ಸ್ಥಾನ ಗೆದ್ದು ಮೊದಲನೆಯದಾಯಿತು. ಒಕ್ಕೂಟದ ಸಾಮಾಜಿಕ ಭದ್ರತೆಯನ್ನು ಜೀವದಂತೆ ಕಾಯುವ ಎಲಿಯೊ ಡಿ ರೂಪೊ ಅವರ ಫ್ರೆಂಚ್ ಸಮಾಜವಾದಿ ಪಕ್ಷ 26 ಗೆದ್ದು ಎರಡನೆಯದಾಯಿತು. ಒಬ್ಬರು ಲ್ಯಾಟಿನ್ ಉಲ್ಲೇಖಗಳನ್ನು ಸಲೀಸಾಗಿ ಬಳಸುವ ಇತಿಹಾಸದ ವಿದ್ಯಾರ್ಥಿ. ಇನ್ನೊಬ್ಬರು ಇಟಲಿಯಿಂದ ದುಡಿಯಲು ಬಂದ ಬಡ ಕುಟುಂಬದಲ್ಲಿ ಹುಟ್ಟಿ, ಕೊರಳಿಗೆ ಬೋ ಟೈ ಕಟ್ಟಿಕೊಂಡೇ ಕಾಣಿಸುವವರು, ಡಚ್ ಭಾಷೆ ಅಷ್ಟಾಗಿ ಬಾರದವರು. ಒಬ್ಬರಿಗೆ ತೆರಿಗೆಯ ಅಧಿಕಾರ ಫ್ಲಾಂಡರ್ಸ್‌ಗೆ ಬೇಕು. ಇನ್ನೊಬ್ಬರಿಗೆ ಉತ್ತರದ ಹಣ ದಕ್ಷಿಣಕ್ಕೆ ಹರಿಯುವುದು ನಿಲ್ಲಬಾರದು. ಹಾಗಾಗಿ ಕ್ಷೇತ್ರದ ಪ್ರಶ್ನೆ ಒಂಟಿಯಾಗಿ ಇತ್ಯರ್ಥವಾಗುವಂತಿರಲಿಲ್ಲ, ಅದರ ಬೆನ್ನಿಗೆ ಹಣದ ಪ್ರಶ್ನೆ ಕಟ್ಟಿಕೊಂಡಿತ್ತು.

ಇಂಥ ಹೊತ್ತಿನಲ್ಲಿ ಅರಸನ ಪಾತ್ರವೇನು? ಸಂವಿಧಾನದ 96ನೇ ವಿಧಿ ಅರಸ ಮಂತ್ರಿಗಳನ್ನು ನೇಮಿಸುತ್ತಾನೆ ಎಂದಷ್ಟೇ ಹೇಳುತ್ತದೆ. ಉಳಿದದ್ದೆಲ್ಲ ರೂಢಿ. ದೊರೆ ಪಕ್ಷಗಳ ಅಧ್ಯಕ್ಷರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡುತ್ತಾರೆ. ಆ ಮಾತು ಅರಮನೆಯ ಹೊರಗೆ ಬರುವಂತಿಲ್ಲ. ಆಮೇಲೆ ಒಬ್ಬರಿಗೆ ಹೊಣೆ ವಹಿಸುತ್ತಾರೆ, ಆ ಹೊಣೆಗೆ ಒಂದು ಹೆಸರಿಡುತ್ತಾರೆ. 2010–11ರಲ್ಲಿ ಎರಡನೇ ಆಲ್ಬರ್ಟ್ ದೊರೆ ಇಟ್ಟ ಹೆಸರುಗಳ ಸಾಲು ಆ ಕಾಲದ ಕಥೆಯನ್ನೇ ಹೇಳುತ್ತದೆ. ಜೂನ್‌ನಲ್ಲಿ ಡೆ ವೇವರ್ 'ಮಾಹಿತಿದಾರ'ರಾದರು. ಜುಲೈನಲ್ಲಿ ಡಿ ರೂಪೊ 'ಪೂರ್ವ ರಚನಾಕಾರ'ರಾದರು, ಅಂದರೆ ಸರ್ಕಾರ ರಚಿಸುವವರಲ್ಲ, ರಚನೆಗೆ ಮುಂಚಿನದನ್ನು ರಚಿಸುವವರು. ಸೆಪ್ಟೆಂಬರ್‌ನಲ್ಲಿ ಅವರು ಕೈಚೆಲ್ಲಿದಾಗ ಎರಡೂ ಸದನಗಳ ಅಧ್ಯಕ್ಷರು 'ಮಧ್ಯಸ್ಥ'ರಾದರು. ಅಕ್ಟೋಬರ್‌ನಲ್ಲಿ ಡೆ ವೇವರ್ ಮತ್ತೆ ಬಂದು 'ಸ್ಪಷ್ಟೀಕರಣಕಾರ'ರಾಗಿ, ಹತ್ತೇ ದಿನಕ್ಕೆ ಅವರ ಟಿಪ್ಪಣಿ ತಿರಸ್ಕೃತವಾಯಿತು. ಅನಂತರ ಮೂರು ತಿಂಗಳು ಯೊಹಾನ್ ವಾಂಡೆ ಲಾನೊಟ್ 'ಸಂಧಾನಕಾರ'. ಫೆಬ್ರವರಿಯಲ್ಲಿ ಡಿಡಿಯೆ ರೆಂಡರ್ಸ್ ಮತ್ತೆ 'ಮಾಹಿತಿದಾರ'. ಮಾರ್ಚ್‌ನಿಂದ ಮೇ ತನಕ ವೌಟರ್ ಬೇಕೆ 'ಮಾತುಕತೆಗಾರ'. ಕೊನೆಗೆ 2011ರ ಮೇ 16ರಂದು ಡಿ ರೂಪೊ 'ರಚನಾಕಾರ'. ಹನ್ನೊಂದು ತಿಂಗಳ ಮೇಲೆ ಮೊದಲ ಬಾರಿಗೆ 'ಸರ್ಕಾರ ರಚಿಸಿ' ಎಂಬ ನೇರ ಮಾತು.

ನಗೆ ಬರುವಂಥ ಈ ಪದವಿಗಳನ್ನು ನಾನು ನಗೆಗೆ ಬಿಡಲಾರೆ. ದೊರೆಗೆ ಯಾರನ್ನೂ ಒತ್ತಾಯಿಸುವ ಶಕ್ತಿಯಿಲ್ಲ. ಇರುವುದು ಹೆಸರು ಮತ್ತು ಸಮಯ ಎರಡೇ. ಸೋತವನಿಗೆ ಸೋಲೆನ್ನಿಸದ ಹಾಗೆ, ಮುಂದಿನವನಿಗೆ ಹಿಂದಿನವನ ಸೋಲು ಅಂಟದ ಹಾಗೆ, ಮಾತುಕತೆಯ ಮೇಜನ್ನು ಯಾರೂ ಉರುಳಿಸದ ಹಾಗೆ ಒಂದೊಂದೇ ಪದವಿಯನ್ನು ಹೊಸೆಯುವುದು ಅವರ ಕೈಯಲ್ಲಿದ್ದ ಏಕೈಕ ಉಪಕರಣ. ನೆರೆಯ ನೆದರ್‌ಲ್ಯಾಂಡ್ಸ್ 2012ರಲ್ಲಿ ಈ ಕೆಲಸವನ್ನು ರಾಣಿಯಿಂದ ಕಳಚಿ ಸಂಸತ್ತಿಗೆ ಕೊಟ್ಟಿತು. ಎನ್-ವಿಎ ಇಲ್ಲಿಯೂ ಅದನ್ನೇ ಬಯಸುತ್ತದೆ. ಆದರೆ ಸರ್ಕಾರ ರಚಿಸುವ ಪಕ್ಷಗಳಲ್ಲಿ ಒಂದೂ ಇಡೀ ದೇಶದ್ದಲ್ಲದಿರುವಾಗ, ಎರಡೂ ಕಡೆಯವರನ್ನು ಚಹಾಕ್ಕೆ ಕರೆಯಬಲ್ಲವರು ಇನ್ನಾರು ಎಂಬ ಪ್ರಶ್ನೆಗೆ ಅವರ ಉತ್ತರ ನನಗೆ ಸಮಾಧಾನ ತಂದಿಲ್ಲ.

ಹನ್ನೆರಡನೇ ಒಂದು ಪಾಲಿನ ಆಡಳಿತ

ಅಷ್ಟರಲ್ಲಿ ದೇಶವನ್ನು ನಡೆಸುತ್ತಿದ್ದವರು ಯಾರು? ಬಿದ್ದ ಸರ್ಕಾರವೇ. ರಾಜೀನಾಮೆ ಅಂಗೀಕಾರವಾದ ಮೇಲೂ ಲೆಟೆರ್ಮ್ ಅವರ ಮಂತ್ರಿಮಂಡಲ 'ಚಾಲ್ತಿ ವ್ಯವಹಾರ'ಗಳಿಗೆ ಹಂಗಾಮಿಯಾಗಿ ಉಳಿಯಿತು. ಹೊಸ ಬಜೆಟ್ ಇಲ್ಲದಿದ್ದರೆ ಹಿಂದಿನ ವರ್ಷದ ಅನುದಾನವನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೊಂದು ಪಾಲಿನಂತೆ ಸಂಸತ್ತು ಬಿಡುಗಡೆ ಮಾಡುತ್ತದೆ. 'ತಾತ್ಕಾಲಿಕ ಹನ್ನೆರಡನೇ ಪಾಲು' ಎಂಬುದು ಅಲ್ಲಿನ ಹಣಕಾಸು ಇಲಾಖೆಯ ನಿತ್ಯದ ಮಾತು. ಈ ವ್ಯವಸ್ಥೆಯಲ್ಲಿ ಸಂಬಳ, ಪಿಂಚಣಿ ನಿಲ್ಲುವುದಿಲ್ಲ. ಹೊಸ ಯೋಜನೆ ಹುಟ್ಟುವುದಿಲ್ಲ. ಶಾಲೆ, ಬಸ್ಸು, ರಸ್ತೆ, ಕಸ ಇವೆಲ್ಲ ಹೇಗೂ ಪ್ರದೇಶ ಮತ್ತು ಸಮುದಾಯಗಳ ಕೈಯಲ್ಲಿ. ಅವುಗಳ ಸರ್ಕಾರಗಳು ಪೂರ್ಣ ಅಧಿಕಾರದಲ್ಲಿದ್ದವು. ಆದ್ದರಿಂದ 'ಸರ್ಕಾರವಿಲ್ಲದ ದೇಶ' ಎಂಬ ಆಗಿನ ಮಾತು ಅರ್ಧಸತ್ಯ: ದೇಶದ ಆರೇಳು ಸರ್ಕಾರಗಳಲ್ಲಿ ಒಂದು ಹಂಗಾಮಿಯಾಗಿತ್ತು.

ಹಂಗಾಮಿಯ ಮಿತಿ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಆ ಕಾಲ ಒಂದು ಪಾಠಶಾಲೆ. 2010ರ ಜುಲೈನಿಂದ ಆರು ತಿಂಗಳು ಈ ಸರ್ಕಾರವೇ ಐರೋಪ್ಯ ಒಕ್ಕೂಟದ ಮಂತ್ರಿಮಂಡಲಿಯ ಸರದಿ ಅಧ್ಯಕ್ಷತೆಯನ್ನು ನಡೆಸಿತು, ಚೆನ್ನಾಗಿಯೇ ನಡೆಸಿತೆಂಬ ಹೆಸರೂ ಬಂತು. 2011ರ ಜನವರಿಯಲ್ಲಿ ದೊರೆಯೇ ಲೆಟೆರ್ಮ್ ಅವರನ್ನು ಕರೆದು, ಬಿಗಿಯಾದ ಪೂರ್ಣ ಬಜೆಟ್ ಸಿದ್ಧಪಡಿಸಿ ಎಂದರು. ಮಾರ್ಚ್‌ನಲ್ಲಿ ಸಂಸತ್ತಿನ ಬಹುತೇಕ ಸರ್ವಾನುಮತದ ಒಪ್ಪಿಗೆಯೊಂದಿಗೆ ಲಿಬಿಯಾಕ್ಕೆ ಎಫ್-16 ಯುದ್ಧವಿಮಾನಗಳು ಹೋದವು. ಯುದ್ಧವನ್ನು 'ಚಾಲ್ತಿ ವ್ಯವಹಾರ' ಎನ್ನಬಹುದೇ ಎಂದು ಯಾರಾದರೂ ಕೇಳಿದರೆ, ಸಂಸತ್ತು ಒಪ್ಪಿದ್ದೆಲ್ಲ ಚಾಲ್ತಿಯೇ ಎಂಬುದು ಅಂದಿನ ವಾಡಿಕೆಯಾಗಿತ್ತು. ಆಳುವ ಬಹುಮತದ ಶಿಸ್ತು ಇಲ್ಲದ್ದರಿಂದ ಸದಸ್ಯರು ತಾವೇ ತಂದ ಮಸೂದೆಗಳೂ ದಾಟಿದವು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮತ್ತು ಸರ್ಕಾರಿ ಉದ್ಯಮಗಳ ನಿರ್ದೇಶಕ ಮಂಡಳಿಗಳಲ್ಲಿ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಎಂಬ 2011ರ ಜುಲೈ ಕಾನೂನು ಅವುಗಳಲ್ಲೊಂದು.

ಜನ ಸುಮ್ಮನಿರಲಿಲ್ಲ, ಕೆರಳಲೂ ಇಲ್ಲ. ಜನವರಿ 23ರಂದು ಬ್ರಸೆಲ್ಸ್‌ನಲ್ಲಿ ಸುಮಾರು 35,000 ಮಂದಿ 'ನಾಚಿಕೆ' ಎಂಬ ಹೆಸರಿನಲ್ಲಿ ಮೆರವಣಿಗೆ ಮಾಡಿದರು. ಫೆಬ್ರವರಿ 17ಕ್ಕೆ 249 ದಿನ ತುಂಬಿ ಇರಾಕ್‌ನ ದಾಖಲೆಗೆ ಸಮವಾದಾಗ ವಿದ್ಯಾರ್ಥಿಗಳು ಬೀದಿಗಳಲ್ಲಿ ಆಲೂಗಡ್ಡೆ ಫ್ರೈಸ್ ಹಂಚಿ 'ಫ್ರೈಸ್ ಕ್ರಾಂತಿ' ಆಚರಿಸಿದರು. ಎರಡೂ ಭಾಷೆಯವರು ತಮ್ಮದೆಂದು ಹೇಳಿಕೊಳ್ಳುವ ತಿಂಡಿ ಅದು.

ಗಂಟು ಬಿಚ್ಚಿದ ಬಗೆ

2011ರ ಜುಲೈ 4ರಂದು ಡಿ ರೂಪೊ ವಿವರವಾದ ಕರಡನ್ನು ಮುಂದಿಟ್ಟರು. ಮೂರು ದಿನಕ್ಕೆ ಡೆ ವೇವರ್ ಬೇಡವೆಂದರು. ಜುಲೈ 20ರ ಸಂಜೆ, ರಾಷ್ಟ್ರೀಯ ದಿನದ ಮುನ್ನಾದಿನದ ಭಾಷಣದಲ್ಲಿ, ಸಾಮಾನ್ಯವಾಗಿ ಮೆದುಮಾತಿನ ದೊರೆ ಕೈಮುಷ್ಟಿ ಬಿಗಿದು ರಾಜಕಾರಣಿಗಳನ್ನು ಗದರಿಸಿದರು. ಮರುದಿನವೇ ಫ್ಲೆಮಿಷ್ ಕ್ರಿಶ್ಚಿಯನ್ ಡೆಮಾಕ್ರಟರು ಎನ್-ವಿಎ ಇಲ್ಲದೆಯೂ ಮೇಜಿಗೆ ಬರಲು ಒಪ್ಪಿದರು. ನಿರ್ಣಾಯಕ ತಿರುವು ಇದೇ. ಸೆಪ್ಟೆಂಬರ್ 14ರ ರಾತ್ರಿ ಕ್ಷೇತ್ರದ ಒಪ್ಪಂದ ಕುದುರಿತು: ಬ್ರಸೆಲ್ಸ್-ಹಾಲೆ-ವಿಲ್ವೋರ್ಡೆ ಎರಡಾಗುವುದು; ಆದರೆ ಆರು ಸೌಲಭ್ಯ ಪುರಸಭೆಗಳ ಮತದಾರರು ಮಾತ್ರ ಬಯಸಿದರೆ ಬ್ರಸೆಲ್ಸ್‌ನ ಪಟ್ಟಿಗಳಿಗೆ ಮತ ಹಾಕಬಹುದು. ಇದನ್ನು ಒಪ್ಪದ ಬ್ರಸೆಲ್ಸ್‌ನ ಫ್ರೆಂಚ್ ಹಿತರಕ್ಷಕ ಪಕ್ಷ ಎಫ್‌ಡಿಎಫ್, ಫ್ರೆಂಚ್ ಲಿಬರಲ್‌ಗಳ ಜೊತೆಗಿನ ನಂಟನ್ನು ಕಡಿದುಕೊಂಡಿತು. ಅಕ್ಟೋಬರ್ 11ರಂದು ರಾಜ್ಯ ಸುಧಾರಣೆಯ ಪೂರ್ಣ ಒಪ್ಪಂದ ಪ್ರಕಟವಾಯಿತು.

ಇಲ್ಲಿ ಸ್ವಲ್ಪ ಅಂಕಗಣಿತ ಬೇಕು. ಸರ್ಕಾರದಲ್ಲಿ ಆರು ಪಕ್ಷಗಳು. ಒಪ್ಪಂದಕ್ಕೆ ಸಹಿ ಹಾಕಿದವು ಎಂಟು. ಏಕೆ? ಕೆಳಮನೆಯ ಡಚ್ ಗುಂಪಿನಲ್ಲಿ 88 ಸದಸ್ಯರಿದ್ದರು. ಸರ್ಕಾರ ಸೇರಿದ ಮೂರು ಫ್ಲೆಮಿಷ್ ಪಕ್ಷಗಳ ಬಲ 17, 13 ಮತ್ತು 13, ಒಟ್ಟು 43. ಅರ್ಧಕ್ಕೆ ಒಂದು ಕಡಿಮೆ. ಸಾಧಾರಣ ಆಡಳಿತಕ್ಕೆ ಅಡ್ಡಿಯಿಲ್ಲ, ವಿಶೇಷ ಕಾನೂನಿಗೆ ಸಾಲದು. ಐದು ಸದಸ್ಯರ ಫ್ಲೆಮಿಷ್ ಹಸಿರು ಪಕ್ಷ ಸೇರಿದರೆ 48, ಬಹುಮತ. ಅದರ ಜೊತೆಗೆ ಫ್ರೆಂಚ್ ಹಸಿರು ಪಕ್ಷದ ಎಂಟು ಮತಗಳೂ ಬಂದಾಗ ಇಡೀ ಸದನದ ಮೂರನೇ ಎರಡು, ಅಂದರೆ ನೂರರ ಗೆರೆಯೂ ದಾಟಿತು. ಹೀಗೆ ಮಂತ್ರಿಗಿರಿ ಸಿಗದ ಎರಡು ಪಕ್ಷಗಳು ದೇಶದ ಕಟ್ಟನ್ನೇ ಬದಲಿಸುವ ಮತಗಳನ್ನು ಕೊಟ್ಟವು. ಫ್ಲೆಮಿಷ್ ಸ್ಥಾನಗಳಲ್ಲಿ ಬಹುಮತವಿಲ್ಲದ ಸರ್ಕಾರ ಎಂಬ ಆಪಾದನೆಯನ್ನು ಎನ್-ವಿಎ ಮುಂದಿನ ಮೂರು ವರ್ಷ ಬಿಡಲಿಲ್ಲ, ಲೆಕ್ಕದ ಮಟ್ಟಿಗೆ ಅದು ನಿಜವೂ ಆಗಿತ್ತು.

ಕಟ್ಟು ಬಗೆಹರಿದರೂ ಬಜೆಟ್ ಬಗೆಹರಿಯಲಿಲ್ಲ. ಅಕ್ಟೋಬರ್‌ನಲ್ಲಿ ಡೆಕ್ಸಿಯಾ ಬ್ಯಾಂಕ್ ಕುಸಿದು, ಹಂಗಾಮಿ ಸರ್ಕಾರವೇ ಅದರ ಬೆಲ್ಜಿಯಂ ಶಾಖೆಯನ್ನು 4 ಬಿಲಿಯನ್ ಯೂರೊಗೆ ಕೊಂಡಿತು. ಉಳಿದ ಗುಂಪಿಗೆ ಕೊಟ್ಟ 90 ಬಿಲಿಯನ್ ಯೂರೊ ಖಾತರಿಯಲ್ಲಿ ಶೇಕಡ 60.5 ಬೆಲ್ಜಿಯಂನ ತಲೆಗೆ ಬಂತು. ನವೆಂಬರ್ 21ರಂದು ಡಿ ರೂಪೊ ಹೊಣೆಯಿಂದ ಬಿಡುಗಡೆ ಕೇಳಿದರು. ದೊರೆ ಉತ್ತರವನ್ನು ತಡೆಹಿಡಿದರು. ಹತ್ತು ವರ್ಷದ ಸಾಲಪತ್ರದ ಬಡ್ಡಿ ಶೇಕಡ 5.5 ದಾಟಿತ್ತು. ನವೆಂಬರ್ 25ರ ಶುಕ್ರವಾರ, ಸಾಲ ತೀರಿಸುವ ಶಕ್ತಿಯನ್ನು ಅಳೆದು ದರ್ಜೆ ಕೊಡುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ದೇಶದ ಸಾಲದ ದರ್ಜೆಯನ್ನು ಎಎ ಪ್ಲಸ್‌ನಿಂದ ಎಎಗೆ ಇಳಿಸಿತು. ಮರುದಿನ ಶನಿವಾರವೇ ಆರು ಪಕ್ಷಗಳು ಬಜೆಟ್‌ಗೆ ಒಪ್ಪಿದವು. 541ನೇ ದಿನ, 2011ರ ಡಿಸೆಂಬರ್ 6ರಂದು, ಡಿ ರೂಪೊ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಬೆಲ್ಜಿಯಂನ ಮಕ್ಕಳಿಗೆ ಸಂತ ನಿಕೊಲಾಸ್ ಉಡುಗೊರೆ ತರುವ ದಿನವದು. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೆ ಹೆಚ್ಚು ಯೋಚಿಸುವ ಕೆಲಸವಿರಲಿಲ್ಲ.

ನಮ್ಮಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಯ ಮಕ್ಕಳು ಅಧಿಕಾರ ಹಂಚಿಕೆಯ ಪಾಠದಲ್ಲಿ ಬೆಲ್ಜಿಯಂ ಅನ್ನು ಶ್ರೀಲಂಕಾದ ಎದುರು ಇಟ್ಟು ಓದುತ್ತಾರೆ. ಆ ಹೋಲಿಕೆ ತಪ್ಪಲ್ಲ: ಈ ಇಡೀ ಜಗಳದಲ್ಲಿ ಒಂದು ಹನಿ ರಕ್ತ ಹರಿಯಲಿಲ್ಲ. ಪಾಠದಲ್ಲಿ ಕಾಣದಿರುವುದು ಅದಕ್ಕೆ ತೆರುವ ಬೆಲೆ. ಯಾರೂ ಯಾರನ್ನೂ ಸೋಲಿಸಲಾಗದ ವ್ಯವಸ್ಥೆಯಲ್ಲಿ ಕಾಯುವುದರಿಂದ ಯಾರಿಗೂ ತಕ್ಷಣದ ನಷ್ಟವಿಲ್ಲ. ಹನ್ನೆರಡನೇ ಪಾಲಿನಲ್ಲಿ ಸಂಬಳ ಬರುತ್ತಿರುತ್ತದೆ. ಹದಿನೇಳು ತಿಂಗಳು ದೊರೆಯ ಮಾತಿಗೂ ಬೀದಿಯ ಮೆರವಣಿಗೆಗೂ ಬಗ್ಗದ ಬಜೆಟ್ ತಕರಾರು ಸಾಲದ ದರ್ಜೆ ಕಟ್ಟುವವರ ಒಂದು ಪ್ರಕಟಣೆಗೆ ಒಂದು ದಿನದಲ್ಲಿ ಬಗ್ಗಿತು. ಕಾಯುವುದಕ್ಕೆ ಬೆಲೆ ಕಟ್ಟುವ ಯಾವ ನಿಯಮವನ್ನೂ ಬೆಲ್ಜಿಯಂ ಸಂವಿಧಾನ ತನ್ನೊಳಗೆ ಇಟ್ಟುಕೊಂಡಿಲ್ಲ, ಆ ಕೆಲಸವನ್ನು ಹೊರಗಿನವರು ಮಾಡಿದರು. ಅದಾದ ಮೇಲೆ 2019ರ ಮೇ ಚುನಾವಣೆಯಿಂದ 2020ರ ಅಕ್ಟೋಬರ್ 1ರವರೆಗೆ 494 ದಿನ ಮತ್ತೆ ಇದೇ ಆಯಿತು. ಕ್ಷೇತ್ರದ ಜಗಳ ಮುಗಿದಿದ್ದರೂ ಬೀಗಗಳು ಹಾಗೆಯೇ ಇದ್ದವು. ಆಗ ಪ್ರಧಾನಿಯಾದವರು, ಹತ್ತು ವರ್ಷದ ಹಿಂದೆ ಬೆಂಬಲ ಹಿಂತೆಗೆದಿದ್ದ ಡೆ ಕ್ರೋ. 2025ರ ಫೆಬ್ರವರಿ 3ರಂದು ಬಾರ್ಟ್ ಡೆ ವೇವರ್ ಅವರೇ ಫಿಲಿಪ್ ದೊರೆಯ ಮುಂದೆ ಪ್ರಮಾಣ ಮಾಡಿ ಪ್ರಧಾನಿಯಾದರು.

ಕ್ಷೇತ್ರ ಒಡೆದ ಮೇಲಿನ ಮೊದಲ ಸಂಸತ್ ಚುನಾವಣೆ 2014ರ ಮೇ 25ರಂದು ನಡೆಯಿತು. ಅರ್ಧ ಶತಮಾನ ವಿಭಜನೆಗಾಗಿ ಹೋರಾಡಿದ ಫ್ಲೆಮಿಷ್ ಪಕ್ಷಗಳಿಗೆ ಬ್ರಸೆಲ್ಸ್‌ನ 15 ಸ್ಥಾನಗಳಲ್ಲಿ ಒಂದೂ ಸಿಗಲಿಲ್ಲ. ಹೊರಗಿನ 35 ಊರುಗಳ ಡಚ್ ಮತಗಳ ಆಸರೆ ತಪ್ಪಿ, ಹದಿನೈದೂ ಫ್ರೆಂಚ್ ಪಕ್ಷಗಳ ಪಾಲಾದವು. ಲಿಂಕೆಬೇಕ್‌ನ ಮತದಾರ ಮಾತ್ರ ಈಗಲೂ ಮತಗಟ್ಟೆಯೊಳಗೆ ಹೋದಾಗ ಅಭ್ಯರ್ಥಿಯನ್ನು ಆರಿಸುವ ಮೊದಲು ಇನ್ನೊಂದನ್ನು ಆರಿಸಬೇಕು: ತನ್ನ ಮತ ಫ್ಲೆಮಿಷ್ ಬ್ರಬಾಂಟ್‌ನ ಲೆಕ್ಕಕ್ಕೋ, ಬ್ರಸೆಲ್ಸ್‌ನ ಲೆಕ್ಕಕ್ಕೋ ಎಂದು.